ಒಳಗಿನ ಮಕ್ಕಳಿಗೆ ಗಡಿಯಾರ ಕಲಿಸಿದ ವರ್ಷಗಳು

ನಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಯಲ್ಲಿ, ನೆಲಕ್ಕೆ ಹತ್ತಿರವಾಗಿ, ಸೀಮೆಸುಣ್ಣದಲ್ಲಿ ಬರೆದ ಒಂದು ‘ಅ’ ನನ್ನ ಕಣ್ಣಿಗೆ ಬಿದ್ದದ್ದು 2018ರ ಆಷಾಢದ ಒಂದು ಭಾನುವಾರ. ಅಕ್ಷರ ಕನ್ನಡಿಯಲ್ಲಿ ಕಾಣುವಂತೆ ತಿರುಗಿಕೊಂಡಿತ್ತು. ಮೈಸೂರಿನ ಆ ಬಾಡಿಗೆ ಮನೆಯಲ್ಲಿ ಇದ್ದವರು ನಾನು ಮತ್ತು ನನ್ನ ತಂಗಿ ಇಬ್ಬರೇ; ಮಕ್ಕಳು ಯಾರೂ ಇರಲಿಲ್ಲ, ಆ ದಿನ ಯಾರೂ ಬಂದಿರಲೂ ಇಲ್ಲ. ತಂಗಿ ಪೇಟೆಗೆ ಹೋಗಿದ್ದಳು. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ನಾನು ಏನು ಮಾಡಿದೆನೆಂಬುದು ನನಗೆ ನೆನಪಿರಲಿಲ್ಲ; ಬೆರಳ ತುದಿಗಳಲ್ಲಿ ಮಾತ್ರ ಬಿಳಿಯ ಪುಡಿ ಅಂಟಿತ್ತು. ಆಗ ನನಗೆ 34 ವರ್ಷ, ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ.

ಹೀಗೆ ಹೊತ್ತು ಕಾಣೆಯಾಗುವುದು ನನಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮನೆಯವರು ಮಂತ್ರವಾದಿಯೊಬ್ಬರ ಬಳಿ ಕರೆದೊಯ್ದು ತಾಯತ ಕಟ್ಟಿಸಿದ್ದರು. ಆಮೇಲೆ ಮೂರ್ಛೆರೋಗವಿರಬಹುದೆಂದು ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಅದರಲ್ಲಿ ಏನೂ ಸಿಗದಿದ್ದಾಗ ಖಿನ್ನತೆಯ ಮಾತ್ರೆಗಳು ಶುರುವಾದವು. ನಮ್ಮ ಮಲೆನಾಡಿನ ಊರಿನಲ್ಲಿ ನನ್ನ ಸ್ಥಿತಿಯನ್ನು ‘ಮೈಮೇಲೆ ಬರುವುದು’ ಎಂದೇ ಕರೆಯುತ್ತಿದ್ದರು. ದೈವ ಮೈಮೇಲೆ ಬರುವುದಕ್ಕೆ ಒಂದು ಕಾಲ, ಒಂದು ಸ್ಥಳ, ಒಂದು ಕಟ್ಟುಕಟ್ಟಳೆ ಇರುತ್ತದೆ, ಊರಿನವರೆಲ್ಲ ಅದನ್ನು ಎದುರುನೋಡುತ್ತಾರೆ. ನನಗೆ ಆಗುತ್ತಿದ್ದುದಕ್ಕೆ ಅಂಥದ್ದು ಯಾವುದೂ ಇರಲಿಲ್ಲ. ಕೊನೆಗೆ ಮನೋವೈದ್ಯರೊಬ್ಬರು ಹಲವು ವಾರ ಕೇಳಿಸಿಕೊಂಡು, ಇದು ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’ ಎಂದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ‘ಮಲ್ಟಿಪಲ್ ಪರ್ಸನಾಲಿಟಿ’ ಎಂಬ ಹೆಸರಿನಲ್ಲಿ ದಾಖಲಿಸಿತ್ತು. 1994ರಲ್ಲಿ ಹೆಸರು ಬದಲಾಯಿತು. ಆ ಬದಲಾವಣೆಯ ಅರ್ಥವನ್ನು ಅವರು ನನಗೆ ಸಾವಧಾನದಿಂದ ವಿವರಿಸಿದರು: ಒಂದು ದೇಹದಲ್ಲಿ ಹಲವು ಜನರು ಸೇರಿಕೊಂಡಿರುವುದಲ್ಲ ಇದು, ಎಳವೆಯಲ್ಲಿ ಮತ್ತೆ ಮತ್ತೆ ತಡೆಯಲಾರದ ನೋವಿಗೆ ಸಿಕ್ಕ ಮಗುವಿನ ಮನಸ್ಸು ಒಂದೇ ‘ನಾನು’ ಆಗಿ ಕೂಡಿಕೊಳ್ಳುವ ಮೊದಲೇ ಭಾಗಗಳಾಗಿ ಉಳಿದುಬಿಡುವುದು. ಆ ಭಾಗಗಳನ್ನು ಆಲ್ಟರ್‌ಗಳೆನ್ನುತ್ತಾರೆ, ಎಲ್ಲವೂ ಸೇರಿದ್ದನ್ನು ಸಿಸ್ಟಂ ಎನ್ನುತ್ತಾರೆ. ಕೆಲವು ಭಾಗಗಳು ಆ ನೋವಿನ ವಯಸ್ಸಿನಲ್ಲೇ ನಿಂತಿರುತ್ತವೆ.

ನನ್ನಲ್ಲಿ ಹಾಗೆ ನಿಂತವರು ಮೂವರು. ಐದು ವರ್ಷದವಳನ್ನು ಇಲ್ಲಿ ಪುಟ್ಟಿ ಎನ್ನುತ್ತೇನೆ. ಒಂಬತ್ತು ವರ್ಷದವನು ತಮ್ಮಣ್ಣ. ಹೆಣ್ಣಿನ ದೇಹದಲ್ಲಿ ಹುಡುಗನೊಬ್ಬ ಇರುವುದು ಕೇಳುವವರಿಗೆ ವಿಚಿತ್ರವೆನಿಸಬಹುದು. ಹುಡುಗನಾಗಿದ್ದರೆ ತನಗೆ ಹೀಗಾಗುತ್ತಿರಲಿಲ್ಲ ಎಂದು ಆ ವಯಸ್ಸಿನ ನಾನು ಎಣಿಸಿದ್ದೆನೆಂಬುದನ್ನು ಬಲ್ಲ ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮೂರನೆಯವಳು ಮಾತಾಡುವುದಿಲ್ಲ, ಅವಳ ವಯಸ್ಸು ನಮಗೆ ತಿಳಿಯದು. ಇವರನ್ನು ಕಾಯುವ ಹದಿಹರೆಯದ ಒಬ್ಬಳಿದ್ದಾಳೆ. ಅವಳು ತನ್ನನ್ನು ಹೆಸರಿನಿಂದ ಕರೆಯುವುದನ್ನು ಒಪ್ಪುವುದಿಲ್ಲವಾದ್ದರಿಂದ ಕಾವಲಿನವಳು ಎಂದಷ್ಟೇ ಬರೆಯುತ್ತೇನೆ.

ಮನೋಚಿಕಿತ್ಸಕಿಯನ್ನು ಮೊದಲು ಕಂಡಾಗ ನಾನು ಕೇಳಿದ ಪ್ರಶ್ನೆ ಒಂದೇ: ‘ಮೇಡಂ, ಇವರನ್ನು ಹೋಗಲಾಡಿಸಲು ಎಷ್ಟು ತಿಂಗಳು ಬೇಕು?’ ಅವರು, ಯಾವ ಭಾಗವನ್ನೂ ಓಡಿಸುವುದು ಚಿಕಿತ್ಸೆಯಲ್ಲ ಎಂದರು. ಈ ಚಿಕಿತ್ಸೆಯ ಬಗ್ಗೆ 2011ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆಂದು ಆಮೇಲೆ ಓದಿದೆ: ಎಲ್ಲ ಭಾಗಗಳೂ ಸೇರಿಯೇ ಒಬ್ಬ ವಯಸ್ಕ ವ್ಯಕ್ತಿ, ಯಾವ ಭಾಗ ಏನು ಮಾಡಿದರೂ ಹೊಣೆ ಆ ಇಡೀ ವ್ಯಕ್ತಿಯದು. ನಾನು ಎರಡನೆಯ ಬೇಡಿಕೆ ಇಟ್ಟೆ: ಹಾಗಾದರೆ ಪುಟ್ಟಿಯನ್ನು ನೀವೇ ನೋಡಿಕೊಳ್ಳಿ. ಅದಕ್ಕೂ ಅವರು ಒಪ್ಪಲಿಲ್ಲ. ‘ವಾರಕ್ಕೆ ಒಂದು ಗಂಟೆ ಸಿಗುವ ನಾನು ಅವಳಿಗೆ ಅಮ್ಮನಾದರೆ, ಉಳಿದ ಹೊತ್ತೆಲ್ಲ ಅವಳು ತಬ್ಬಲಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಅವಳ ಜೊತೆ ಇರುವವರು ನೀವು,’ ಎಂದರು. ಆ ದಿನ ನನಗೆ ಸಿಟ್ಟು ಬಂದಿತ್ತು. ಅಂದು ಅವರು ಹಾಗೆ ನಿರಾಕರಿಸದಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲವೆಂದು ಈಗ ನಂಬುತ್ತೇನೆ.

ಸಾಮಾನ್ಯವಾಗಿ ಇಂಥ ಚಿಕಿತ್ಸೆ ಮೂರು ಹಂತಗಳಲ್ಲಿ ನಡೆಯುತ್ತದೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ 19ನೆಯ ಶತಮಾನದ ಕೊನೆಯ ಹೊತ್ತಿಗೆ ತೋರಿಸಿದ ದಾರಿ ಅದು. ಮೊದಲು ಸುರಕ್ಷತೆ ಮತ್ತು ಸ್ಥಿಮಿತ, ಆಮೇಲೆ ನೋವಿನ ನೆನಪುಗಳು, ಕೊನೆಗೆ ಒಗ್ಗೂಡುವುದು. ಮಕ್ಕಳಿಗೆ ಕಲಿಸುವುದು ಮೊದಲ ಹಂತದ ಕೆಲಸ. ಎಲ್ಲರೂ ಬರೆಯುವುದಕ್ಕೆಂದು ಒಂದು ನೋಟುಪುಸ್ತಕ ಇಟ್ಟುಕೊಳ್ಳಲು ಚಿಕಿತ್ಸಕಿ ಸೂಚಿಸಿದರು. ನಾನು ಪುಟ್ಟಿಗೆ ಒಂದು ಪುಟ ತುಂಬ ಪ್ರೀತಿಯ ಮಾತು ಬರೆದಿಟ್ಟೆ. ಮರುವಾರ ಆ ಪುಟದ ತುಂಬ ಗೀಚು. ಅವಳಿಗೆ ಓದಲು ಬಾರದೆಂಬುದು ನನಗೆ ಹೊಳೆದೇ ಇರಲಿಲ್ಲ. ದಿನವಿಡೀ ಪುಸ್ತಕಗಳ ನಡುವೆ ಇರುವ ಇದೇ ಕಣ್ಣುಗಳಿಂದ ಅವಳು ನೋಡುವಾಗ ಅಕ್ಷರಗಳು ಅವಳಿಗೆ ಅಕ್ಷರಗಳೇ ಅಲ್ಲ. ಆದ್ದರಿಂದ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ, ಒತ್ತಬೇಕಾದ ಗುಂಡಿಯ ಚಿತ್ರ ಬರೆದು ಪಕ್ಕದಲ್ಲಿಟ್ಟೆ. ಹತ್ತು ದಿನಗಳ ನಂತರ ಆ ಮೊಬೈಲಿನಲ್ಲಿ ನನ್ನದೇ ಗಂಟಲಿನ, ಆದರೆ ನನ್ನದಲ್ಲದ ಒಂದು ಸಣ್ಣ ದನಿ ಇತ್ತು: ‘ಅಕ್ಕ, ನಾಲ್ಕಾಣೆ ಕೊಡ್ತೀಯಾ? ಪೆಪ್ಪರಮೆಂಟು ತಗೋಬೇಕು.’

ಆ ನಾಲ್ಕಾಣೆಯಿಂದಲೇ ಮೊದಲ ಪಾಠ ಶುರುವಾಯಿತು. ಪುಟ್ಟಿಗೆ ಅದಿನ್ನೂ 1989. 25 ಪೈಸೆಯ ನಾಣ್ಯ 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋಯಿತು ಎಂದರೆ ಅವಳಿಗೆ ಅರ್ಥವಾಗುವುದಿಲ್ಲ. ಆದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ ಎಂದರೆ ಅರ್ಥವಾಗುತ್ತದೆ. ತಂಗಿ ತನ್ನ ಹಳೆಯ ಡಬ್ಬಿಯಿಂದ ಒಂದು ನಾಲ್ಕಾಣೆ ಹುಡುಕಿ ತಂದಳು, ಅದರ ಪಕ್ಕದಲ್ಲಿ ಈಗಿನ ಹತ್ತು ರೂಪಾಯಿಯ ನಾಣ್ಯವನ್ನಿಟ್ಟೆವು. ರೆಕಾರ್ಡಿನಲ್ಲಿ ಹೇಳಿದೆ: ‘ಪುಟ್ಟಿ, ಇದು ಆಗಿನದ್ದು, ಇದು ಈಗಿನದ್ದು. ಈಗ ನಮ್ಮ ಹತ್ತಿರ ಈಗಿನದ್ದು ಬೇಕಾದಷ್ಟಿದೆ.’ ‘ಆಗ’ ಮತ್ತು ‘ಈಗ’ ಎಂಬ ಎರಡು ಮಾತು ಅವಳ ಕೈಗೆ ಸಿಕ್ಕಿದ್ದು ಹಾಗೆ. ಆಮೇಲೆ ಅವಳು ತಾನಾಗಿಯೇ ವಿಂಗಡಿಸತೊಡಗಿದಳು. ಕೆಂಪು ಹೆಂಚಿನ ಮನೆ ಆಗ. ಗ್ಯಾಸಿನ ಒಲೆ ಈಗ. ಅಜ್ಜಿ ಆಗ. ಬೀಗದಕೈ ನಮ್ಮ ಹತ್ತಿರವೇ ಇರುವುದು ಈಗ.

ತಂಗಿಯನ್ನು ಅವಳು ಗುರುತಿಸಿದ ದಿನವನ್ನು ನಾನು ತಂಗಿಯ ಬಾಯಿಂದ ಕೇಳಿದ್ದು. ಪುಟ್ಟಿಯ ಲೆಕ್ಕದಲ್ಲಿ ತಂಗಿಗೆ ಎರಡು ವರ್ಷ, ಸೊಂಟದ ಮೇಲೆ ಕೂರುವ ಪಾಪು. ಎದುರಿಗಿದ್ದ ಎತ್ತರದ ಹೆಂಗಸು ಯಾರೆಂದು ತಿಳಿಯದೆ ಅವಳು ಮಂಚದ ಕೆಳಗೆ ಸೇರಿಕೊಂಡಿದ್ದಳಂತೆ. ತಂಗಿ ಹತ್ತಿರ ಹೋಗದೆ, ಬಾಗಿಲ ಬಳಿ ನೆಲದ ಮೇಲೆ ಕೂತು, ಚಿಕ್ಕಂದಿನಲ್ಲಿ ಬಾವಿಕಟ್ಟೆಯ ಬಳಿ ಬಿದ್ದಾಗ ಗದ್ದದ ಕೆಳಗೆ ಉಳಿದ ಕಲೆಯನ್ನು ತೋರಿಸಿ, ‘ನಾನು ಪಾಪು. ದೊಡ್ಡವಳಾದೆ,’ ಎಂದಳು. ಬಹಳ ಹೊತ್ತು ಮೌನ. ಆಮೇಲೆ ಕೇಳಿದ ಪ್ರಶ್ನೆ: ‘ನಿನ್ನನ್ನು ಯಾರಾದರೂ ಹೊಡೆದರಾ?’ ಇಲ್ಲ ಎಂದು ತಂಗಿ ಹೇಳಿದ ಮೇಲೆಯೇ ಮಂಚದ ಕೆಳಗಿನಿಂದ ಕೈ ಹೊರಗೆ ಬಂದದ್ದು. ಅದೇ ಕೈಯನ್ನು ತಂಗಿ ತನ್ನ ಅಂಗೈಗೆ ಜೋಡಿಸಿ, ಎರಡೂ ಒಂದೇ ಅಳತೆಯವು ಎಂದು ತೋರಿಸಿದಳು. ತನ್ನ ಕೈ ಇಷ್ಟು ದೊಡ್ಡದೆಂಬುದನ್ನು ಪುಟ್ಟಿ ಮೊದಲು ಕಂಡದ್ದು ಆಗ. ಕನ್ನಡಿಯನ್ನು ನಾವು ಮೊದಲೇ ತೋರಿಸದೇ ಇದ್ದುದು ಸರಿಯಾಯಿತು. ಮುಖದಲ್ಲಿ ತಟ್ಟನೆ ಮೂವತ್ತು ವರ್ಷ ಕಾಣುವುದು ಮಗುವಿಗೆ ತಡೆಯುವಂಥದ್ದಲ್ಲ.

ಅಕ್ಷರಾಭ್ಯಾಸವನ್ನು 2019ರಲ್ಲಿ ಶುರುಮಾಡಿದೆವು. ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಯವರು ‘ರ ಗ ಸ ದ ಅ’ ಎಂದು ತೊಡಗುತ್ತಾರೆ, ಅದರ ಮುಂದೆ ‘ಜ ವ ಮ ಬ ನ’. ಕಪಾಟಿನ ಬಾಗಿಲ ಮೇಲಿದ್ದ ಅಕ್ಷರ ‘ಅ’ ಏಕೆಂಬುದು ಸ್ಲೇಟು ಬಳಪ ತಂದಿಟ್ಟ ದಿನ ನನಗೆ ತಿಳಿಯಿತು: ಮೊದಲ ಐದು ಅಕ್ಷರಗಳಲ್ಲಿ ಅದು ಕೊನೆಯದು, ಪುಟ್ಟಿಯ ಶಾಲೆ ಅಲ್ಲಿಗೇ ನಿಂತಿತ್ತು. ನಾವು ‘ಜ’ದಿಂದ ಮುಂದುವರಿಸಿದೆವು. ಭಾನುವಾರ ನಾಲ್ಕರಿಂದ ಐದು ಗಂಟೆ ಅವಳ ಸಮಯ. ಒಲೆ, ಸ್ಕೂಟರು, ಹಣ ಕಳಿಸುವ ಆ್ಯಪ್ ಇವು ಮೂರನ್ನೂ ಮಕ್ಕಳು ಮುಟ್ಟುವಂತಿಲ್ಲ. ತಂಗಿ ಮನೆಯಲ್ಲಿ ಇರಲೇಬೇಕು. ತಂಗಿಗೂ ಒಂದು ನಿಯಮವಿತ್ತು: ನೋಡಬೇಕೆನಿಸಿತೆಂದು ಪುಟ್ಟಿಯನ್ನು ಕರೆಯಕೂಡದು. ಈ ಮಕ್ಕಳು ಯಾರ ಮನರಂಜನೆಗೂ ಅಲ್ಲ.

ಐದು ವರ್ಷದ ಮಗು ಕಲಿಯುವುದಕ್ಕಿಂತ ಬಹಳ ಬೇಗ ಪುಟ್ಟಿ ಕಲಿತಳು. ಕಾಗುಣಿತ ಮೂರು ವಾರದಲ್ಲಿ ಬಂತು. ಹೊಸದನ್ನು ಕಲಿಯುತ್ತಿದ್ದಾಳೋ ನನ್ನಲ್ಲಿ ಆಗಲೇ ಇದ್ದುದು ಅವಳ ಕಡೆಗೆ ಹರಿಯುತ್ತಿದೆಯೋ ಎಂದು ನಾನು ಚಿಕಿತ್ಸಕಿಯನ್ನು ಕೇಳಿದೆ. ಎರಡರಲ್ಲಿ ಯಾವುದೇ ಆಗಿರಲಿ, ನಿಮ್ಮಿಬ್ಬರ ನಡುವಿನ ಗೋಡೆ ತೆಳುವಾಗುತ್ತಿದೆ ಎಂದರು. ಅದು ಎರಡೂ ಕಡೆಗೆ ತೆಳುವಾಗುತ್ತಿತ್ತು. ಒಂದು ಭಾನುವಾರ ‘ಮರ’ ಎಂದು ಬರೆಯುತ್ತಿದ್ದ ಬಳಪದ ಕಿರ್ರೆನ್ನುವ ಸದ್ದು ನನಗೆ ದೂರದಿಂದ ಕೇಳಿಸಿತು, ಸ್ಲೇಟು ಕಂಡಿತು, ಕೈ ನನ್ನ ಮಾತು ಕೇಳುತ್ತಿರಲಿಲ್ಲ, ಆದರೂ ನಾನು ಅಲ್ಲಿದ್ದೆ. ಇದಕ್ಕೆ ಕೋ-ಕಾನ್ಷಿಯಸ್ ಎನ್ನುತ್ತಾರೆ. ಕಾಣೆಯಾಗುತ್ತಿದ್ದ ಗಂಟೆಗಳಲ್ಲಿ ನನಗೆ ಮರಳಿ ಸಿಕ್ಕ ಮೊದಲ ಗಂಟೆ ಅದು. ಸಂಜೆ ತಂಗಿ ಹೇಳುವ ಮೊದಲೇ ನಾನು, ‘ಇವತ್ತು ಮ ಕಲಿತಳು,’ ಎಂದೆ.

ತಮ್ಮಣ್ಣನ ಪಾಠ ಬೇರೆ ಬಗೆಯದು. ಅವನಿಗೆ ಓದು ಬರುತ್ತಿತ್ತು, ಮಗ್ಗಿ ಬರುತ್ತಿತ್ತು, ಗಡಿಯಾರ ಮಾತ್ರ ಬರುತ್ತಿರಲಿಲ್ಲ. ಅವನ ಕೆಲಸ ರಾತ್ರಿ ಎಚ್ಚರವಾಗಿದ್ದು ಕೊನೆಯ ಬಸ್ಸಿನ ಸದ್ದಿಗೆ ಕಿವಿಗೊಡುವುದು. ಆ ಬಸ್ಸಿನಲ್ಲಿ ಬರುತ್ತಿದ್ದವರು ನಮ್ಮ ಹತ್ತಿರದ ಸಂಬಂಧಿ. ಅವರ ಬಗ್ಗೆ ಇಲ್ಲಿ ಇಷ್ಟು ಸಾಕು. ಮೈಸೂರಿನ ನಮ್ಮ ಬೀದಿಯಲ್ಲಿ ರಾತ್ರಿ ಲಾರಿಯೊಂದು ತಿರುಗಿದರೂ ಅವನು ಎದ್ದು ಕೂರುತ್ತಿದ್ದ. ಬೆಳಗಾಗುವ ಹೊತ್ತಿಗೆ ನಾನು ದಣಿದಿರುತ್ತಿದ್ದೆ. ಮಂಚದ ಎದುರಿಗೆ ಅಂಕಿಗಳು ದೊಡ್ಡದಾಗಿರುವ ಗೋಡೆ ಗಡಿಯಾರ ತೂಗುಹಾಕಿ, ನೋಟುಪುಸ್ತಕದಲ್ಲಿ ಮುಳ್ಳುಗಳ ಚಿತ್ರ ಬರೆದೆ. ಅವನು ಗಂಟೆಗಂಟೆಗೂ ಬರೆಯತೊಡಗಿದ: ಒಂಬತ್ತೂವರೆ, ಯಾರೂ ಬರಲಿಲ್ಲ. ಹತ್ತು, ಯಾರೂ ಬರಲಿಲ್ಲ. ಹನ್ನೊಂದು, ಯಾರೂ ಬರಲಿಲ್ಲ. ತಿಂಗಳುಗಟ್ಟಲೆ ಅದೇ ಬರಹ. ಆ ಪುಟಗಳನ್ನು ನಾನು ಎಸೆದಿಲ್ಲ.

ಆ ಸಂಬಂಧಿ 2006ರಲ್ಲೇ ತೀರಿಕೊಂಡಿದ್ದರು. ಹೆಣದ ಮನೆಗೆ ಹೋಗಿ ಬಂದವಳು ನಾನು. ತಮ್ಮಣ್ಣನಿಗೆ ಅದು ಗೊತ್ತೇ ಇರಲಿಲ್ಲ. ಒಂದೇ ತಲೆಯಲ್ಲಿ ಒಬ್ಬರು ಸತ್ತಿರಲೂ ಬದುಕಿರಲೂ ಸಾಧ್ಯ ಎಂಬುದು ಈ ಸ್ಥಿತಿಯ ಬಗ್ಗೆ ನನ್ನನ್ನು ಇಂದಿಗೂ ನಡುಗಿಸುವ ಸಂಗತಿ. ನಾನು ನೋಟುಪುಸ್ತಕದಲ್ಲಿ ತಿಳಿಸಿದಾಗ ಅವನು ‘ಸುಳ್ಳು’ ಎಂದು ಬರೆದ. ಹಾರ ಹಾಕಿದ ಫೋಟೊ ತೋರಿಸೋಣವೇ ಎಂದು ತಂಗಿ ಕೇಳಿದಳು, ನಮ್ಮ ಮನೆಗಳಲ್ಲಿ ಮಕ್ಕಳೂ ಅದರ ಅರ್ಥ ಬಲ್ಲರು. ಆ ಮುಖ ಬೇಡವೆಂದು ಚಿಕಿತ್ಸಕಿ ತಡೆದರು. 2021ರಲ್ಲಿ, ಅವರ ಕೋಣೆಯಲ್ಲಿಯೇ, ಊರಿನಿಂದ ತರಿಸಿದ ವೈಕುಂಠ ಸಮಾರಾಧನೆಯ ಹಳೆಯ ಕಾರ್ಡನ್ನು ಮೇಜಿನ ಮೇಲಿಟ್ಟೆವು. ಆಗ ನಾನು ಹಿಂದೆ ಸರಿದು ನಿಂತು ನೋಡಬಲ್ಲವಳಾಗಿದ್ದೆ. ಅವನು ಕಾರ್ಡನ್ನು ಎರಡು ಸಲ ಓದಿದ. ಪೆನ್ಸಿಲು ಕೇಳಿ ಅದರ ಅಂಚಿನಲ್ಲೇ 2021ರ ಕೆಳಗೆ 2006 ಬರೆದು ಕಳೆದ. ಹದಿನೈದು ಬಂತು. ‘ಹದಿನೈದು ವರ್ಷ ಸುಮ್ಮನೆ ಕಾದೆನಾ?’ ಎಂದ. ಚಿಕಿತ್ಸಕಿ ಅವಸರದ ಸಮಾಧಾನ ಹೇಳಲಿಲ್ಲ. ‘ಯಾರೂ ನಿನಗೆ ತಿಳಿಸಲಿಲ್ಲ. ಅದು ನಿನ್ನ ತಪ್ಪಲ್ಲ,’ ಎಂದಷ್ಟೇ ಹೇಳಿದರು. ಆ ರಾತ್ರಿ ನೋಟುಪುಸ್ತಕದಲ್ಲಿ ಒಂಬತ್ತೂವರೆ ಎಂದು ಒಂದೇ ಒಂದು ಸಾಲು ಇತ್ತು, ಅದರ ಮುಂದೆ ಖಾಲಿ. ನಾನು ಏಳು ಗಂಟೆ ಎಡೆಬಿಡದೆ ನಿದ್ರೆ ಮಾಡಿದ್ದೆ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಇಷ್ಟು ಫಲ ಕಂಡ ಮೇಲೆ ನಾನು ಆತುರಪಟ್ಟೆ. ಪುಟ್ಟಿ ಐದರಿಂದ ಆರಕ್ಕೆ, ಆರರಿಂದ ಹತ್ತಕ್ಕೆ ಬೆಳೆದು ಬೇಗ ನನ್ನೊಡನೆ ಕೂಡಿಕೊಳ್ಳಲಿ, ಒಬ್ಬರು ಸರಿದು ಇನ್ನೊಬ್ಬರು ಮುಂದೆ ಬರುವ ಈ ಸ್ವಿಚ್ ಆಗುವುದೆಲ್ಲ ಮುಗಿಯಲಿ ಎಂದು ವಾರಕ್ಕೆ ಎರಡು ಪಾಠ ಮಾಡಿದೆ, ಎರಡನೆಯ ತರಗತಿಯ ಪುಸ್ತಕ ತಂದೆ, ಮಾತಾಡದ ಮೂರನೆಯವಳ ಮುಂದೆಯೂ ಸ್ಲೇಟು ಇಟ್ಟೆ. ಕಲಿಸುವ ನೆಪದಲ್ಲಿ ನಾನು ಮೊದಲ ದಿನದ ಪ್ರಶ್ನೆಯನ್ನೇ ಕೇಳುತ್ತಿದ್ದೆ: ಇನ್ನೆಷ್ಟು ತಿಂಗಳು? ನನ್ನ ಮನಸ್ಸಿನ ಮಾತು ಒಳಗಿನವರಿಗೆ ಕೇಳಿಸದಿರುತ್ತದೆಯೇ? 2022ರ ನವೆಂಬರಿನ ಒಂದು ಬೆಳಗ್ಗೆ ನೋಟುಪುಸ್ತಕದಲ್ಲಿ ಕಾವಲಿನವಳ ಒತ್ತಿ ಬರೆದ ಕೈಬರಹವಿತ್ತು: ‘ಅವಳು ದೊಡ್ಡವಳಾದರೆ ಸಾಯುತ್ತಾಳೆ ಅಂತ ಅಂದುಕೊಂಡಿದ್ದಾಳೆ. ನೀನೇ ಹಾಗೆ ಅನ್ನಿಸಿದ್ದು. ಪಾಠ ಬಂದ್.’

ಆಮೇಲೆ ಆರು ವಾರ ಒಳಗೆ ಯಾರ ಸದ್ದೂ ಇಲ್ಲ. ಅದರ ಬದಲು ಹೊತ್ತು ಮತ್ತೆ ಕಾಣೆಯಾಗತೊಡಗಿತು. ಒಂದು ಸಂಜೆ ಕೆಲಸ ಮುಗಿಸಿ ಹೊರಟವಳಿಗೆ ಎಚ್ಚರವಾದದ್ದು ಗೊತ್ತಿಲ್ಲದ ಬಡಾವಣೆಯ ಪಾರ್ಕಿನಲ್ಲಿ. ಚಿಕಿತ್ಸಕಿ ಊರಿನಲ್ಲಿಲ್ಲದ ಒಂದು ರಾತ್ರಿ ತಂಗಿ ದಿಕ್ಕು ತೋಚದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದ್ದಳು. ಆ ಸೇವೆ ಶುರುವಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಕನ್ನಡದಲ್ಲೇ ಮಾತಾಡಿದ ಒಬ್ಬರು, ರೋಗದ ಹೆಸರಿಗೆ ಗಾಬರಿಯಾಗದೆ, ಬೆಳಗಾಗುವವರೆಗೆ ಏನು ಮಾಡಬೇಕೆಂದು ತಾಳ್ಮೆಯಿಂದ ಹೇಳಿದರಂತೆ. ಅವರು ಯಾರೆಂದು ನಮಗೆ ತಿಳಿಯದು, ಆ ಋಣ ಹಾಗೇ ಇದೆ.

ಚಿಕಿತ್ಸಕಿ ಹಿಂದಿರುಗಿದ ಮೇಲೆ ನನಗೆ ಒಪ್ಪಿಸಿದ ಕೆಲಸ ಕಷ್ಟದ್ದು: ಮಕ್ಕಳ ಕ್ಷಮೆ ಕೇಳುವುದು, ಅದೂ ಕಾವಲಿನವಳ ಮೂಲಕ. ಐದನೆಯ ವಯಸ್ಸಿನಿಂದ ಈ ಮಕ್ಕಳನ್ನು ಯಾರ ಸಹಾಯವೂ ಇಲ್ಲದೆ ಕಾಪಾಡಿಕೊಂಡು ಬಂದವಳು ಅವಳು, ಪಾಠ ನಡೆಸಲು ನಾನು ಅವಳ ಅಪ್ಪಣೆಯನ್ನೇ ಕೇಳಿರಲಿಲ್ಲ. ನಾನು ಬರೆದೆ. ಮೂರು ಸಲ ಹರಿದುಹಾಕಿದಳು. ನಾಲ್ಕನೆಯದರಲ್ಲಿ ನಾನು ಸಮರ್ಥನೆಯನ್ನೆಲ್ಲ ಬಿಟ್ಟು ಇಷ್ಟೇ ಬರೆದಿದ್ದೆ: ‘ಅವಳು ಬೇಗ ದೊಡ್ಡವಳಾದರೆ ನನಗೆ ಹಗುರವಾಗುತ್ತದೆಂದು ಆಸೆಪಟ್ಟೆ. ಅವಳು ಐದು ವರ್ಷದವಳಾಗಿಯೇ ಇದ್ದರೂ ಈ ಮನೆ ಅವಳದೇ. ಕೂಡಿಕೊಳ್ಳುವುದು, ಬಿಡುವುದು ಅವಳಿಗೆ ಬಿಟ್ಟದ್ದು.’ ಅದರ ಕೆಳಗೆ ಎರಡು ದಿನದ ಮೇಲೆ ಅವಳ ಷರತ್ತುಗಳು ಬಂದವು. ವಾರಕ್ಕೆ ಒಂದೇ ಪಾಠ. ಪುಟ್ಟಿ ಬೇಡವೆಂದರೆ ಇಲ್ಲ. ಮೂರನೆಯವಳ ತಂಟೆಗೆ ಹೋಗಬಾರದು. ಮೂರಕ್ಕೂ ಒಪ್ಪಿದೆ, ಇಂದಿಗೂ ಮೀರಿಲ್ಲ.

ಇಂಥ ಮಕ್ಕಳ ಬಗ್ಗೆ ನನ್ನಂಥವರು ಮಾತಾಡಿದಾಗ, ಗಮನ ಕೊಟ್ಟಷ್ಟೂ ಇವರು ಗಟ್ಟಿಯಾಗುತ್ತಾರೆ, ವೈದ್ಯರೇ ಇದನ್ನು ಹುಟ್ಟಿಸುತ್ತಾರೆ ಎನ್ನುವವರು ಪರಿಣತರಲ್ಲಿಯೂ ಇದ್ದಾರೆ. ಆ ಎಚ್ಚರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಚಿಕಿತ್ಸಕಿಯೂ ಇಲ್ಲದವರನ್ನು ಎಂದೂ ಹುಡುಕಲಿಲ್ಲ, ಬಂದವರನ್ನು ಮಾತ್ರ ಕೇಳಿಸಿಕೊಂಡರು. ನನ್ನ ಅನುಭವದಲ್ಲಿ ಆದದ್ದು ತಿರುಗುಮುರುಗು. ಗದರಿಸಿ ಒಳಗೆ ತಳ್ಳುತ್ತಿದ್ದ ಹದಿನೈದು ವರ್ಷಗಳಲ್ಲಿ ನನ್ನ ದಿನಗಳು ಹರಿದುಹೋಗುತ್ತಿದ್ದವು. ಗೊತ್ತಾದ ಹೊತ್ತಿನಲ್ಲಿ ಕೂರಿಸಿ ಕಲಿಸಿದ ಮೇಲೆ ಅವು ಕೂಡಿಕೊಂಡವು. ಈ ವರ್ಷದಲ್ಲಿ ಕೆಲಸದ ವೇಳೆಯಲ್ಲಿ ನನಗೆ ಒಮ್ಮೆಯೂ ಹೊತ್ತು ತಪ್ಪಿಲ್ಲ.

ಬೆಳವಣಿಗೆ ಯಾರು ಎಣಿಸಿದಂತೆಯೂ ಬರಲಿಲ್ಲ. ಪುಟ್ಟಿ 2024ರ ಯುಗಾದಿಯ ದಿನ, ಬೇವುಬೆಲ್ಲ ತಿಂದ ಮೇಲೆ, ತನಗೆ ಏಳು ಎಂದು ಘೋಷಿಸಿದಳು. ಆರು ಎಲ್ಲಿ ಹೋಯಿತೆಂದು ನಾವು ಕೇಳಲಿಲ್ಲ. ತಮ್ಮಣ್ಣ ಒಂಬತ್ತಾಗಿಯೇ ಇದ್ದಾನೆ, ಆದರೆ ರಾತ್ರಿ ಮಲಗುತ್ತಾನೆ. ಗಡಿಯಾರಕ್ಕೆ ಬ್ಯಾಟರಿ ಹಾಕುವುದು ಅವನ ಜವಾಬ್ದಾರಿ. ಮೂರನೆಯವಳು ಒಂದು ಅಕ್ಷರವನ್ನೂ ಕಲಿತಿಲ್ಲ. ಪುಟ್ಟಿ ಬರೆಯುವಾಗ ಪಕ್ಕದಲ್ಲಿ ಯಾರೋ ಕೂತಂತೆ ಎಡಭುಜ ಬೆಚ್ಚಗಾಗುತ್ತದೆ, ಅಷ್ಟೇ. ಕಾವಲಿನವಳು ಕಾಲೇಜಿಗೆ ಸೇರಬೇಕೆಂದು ನೋಟುಪುಸ್ತಕದಲ್ಲಿ ಬರೆದಿದ್ದಾಳೆ; ದೂರಶಿಕ್ಷಣದ ಅರ್ಜಿಯ ಬಗ್ಗೆ ನಾವಿಬ್ಬರೂ ಮಾತಾಡುತ್ತಿದ್ದೇವೆ.

ಕಳೆದ ದಸರಾ ರಜೆಯಲ್ಲಿ ನಾನು ಮತ್ತು ತಂಗಿ ಮೈಸೂರಿನ ಸಬರ್ಬನ್ ಬಸ್ ನಿಲ್ದಾಣದಲ್ಲಿ ಮಡಿಕೇರಿಯ ಬಸ್ಸಿಗೆ ಕಾಯುತ್ತಿದ್ದೆವು. ಅದು ಪುಟ್ಟಿಯ ಸಮಯವಲ್ಲ, ಆದರೂ ಅವಳು ನನ್ನ ಕಣ್ಣಿನ ಹಿಂದೆಯೇ ನಿಂತು ಬೋರ್ಡುಗಳನ್ನು ಓದುತ್ತಿರುವುದು ನನಗೆ ತಿಳಿಯುತ್ತಿತ್ತು. ಒತ್ತಕ್ಷರದ ಪಾಠ ಆಗಷ್ಟೇ ಆಗಿತ್ತು. ಎದುರಿಗೆ ಬಂದು ನಿಂತ ಬಸ್ಸಿನ ಬೋರ್ಡನ್ನು ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ಶಿ, ವ, ಮೊ, ಗ್ಗ. ಅದು ನಮ್ಮ ಊರಿನ ಕಡೆಗೆ ಹೋಗುವ ಬಸ್ಸು. ನನ್ನ ಅಂಗೈ ಬೆವೆತಿತು, ತಂಗಿ ನನ್ನ ಮುಖ ನೋಡಿ ಕೈ ಹಿಡಿದುಕೊಂಡಳು.

‘ಅಕ್ಕ, ನಾವು ಹತ್ತಬೇಕಾ?’ ಎಂದು ಒಳಗಿನಿಂದ ಕೇಳಿದಳು.

‘ಬೇಡ,’ ಎಂದೆ.

ಅವಳು ಸ್ವಲ್ಪ ಹೊತ್ತು ಆ ಬೋರ್ಡನ್ನೇ ನೋಡಿ, ಪಕ್ಕದ ಬಸ್ಸಿನತ್ತ ತಿರುಗಿ, ‘ಚಾ, ಮ, ರಾ, ಜ’ ಎಂದು ಓದತೊಡಗಿದಳು.